ತಣ್ಣೀರು, ನಲವತ್ತು, ಅರವತ್ತು: ಬಳ್ಳಾರಿಯ ಟ್ಯಾಂಕಿನ ನೀರಲ್ಲಿ ಒಗೆದು ನೋಡಿದ್ದು

ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಅತ್ತೆಯವರ ಇಳಕಲ್ ಸೀರೆಯನ್ನು ಮಷೀನಿಗೆ ಹಾಕಿದೆ. ಗುಂಡಿ ತಿರುಗಿಸಿದ್ದು 'ಕೋಲ್ಡ್' ಕಡೆಗೇ. ತೆಗೆದು ನೋಡಿದರೆ ಸೆರಗಿನ ಕೆಂಪು ಬಿಟ್ಟು, ಜೊತೆಗೆ ಹಾಕಿದ್ದ ಬಿಳಿ ಲಂಗ ಪೂರ್ತಿ ಗುಲಾಬಿ. ಅತ್ತೆ ಸೀರೆಯನ್ನು ಹಗ್ಗದ ಮೇಲೆ ಹರವಿ, ಸೆರಗನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ತಣ್ಣೀರಾಗ ಹಾಕೀನಿ ಅಂತಿ, ಇದು ಬಿಸಿನೀರಿನ ಕೆಲಸ ಐತಿ ನೋಡವ್ವಾ" ಅಂದರು. ಜೋರು ಮಾಡಲಿಲ್ಲ. ಅಷ್ಟಕ್ಕೇ ನನಗೆ ಹೊಟ್ಟೆಯಲ್ಲಿ ಸಂಕಟ. ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ಕೈ ಅದ್ದಿದೆ. ಜಳಕಕ್ಕೆ ಕಾಸಿದ ನೀರಿನಷ್ಟು ಬಿಸಿ. ಥರ್ಮಾಮೀಟರ್ ಇಳಿಬಿಟ್ಟರೆ 44 ಡಿಗ್ರಿ.

ಮಷೀನಿನ 'ಕೋಲ್ಡ್' ಅಂದರೆ ಹೀಟರ್ ಹಚ್ಚುವುದಿಲ್ಲ ಅಂತ ಅಷ್ಟೇ ಅರ್ಥ. ನಲ್ಲಿಯಲ್ಲಿ ಎಂಥ ನೀರು ಬಂತೋ ಅಂಥದರಲ್ಲೇ ಒಗೆಯುತ್ತದೆ. ಕಪ್ಪು ಟ್ಯಾಂಕು, ಮೇ ತಿಂಗಳು, ಬಳ್ಳಾರಿಯ ಬಿಸಿಲು, ಈ ಮೂರೂ ಕೂಡಿದರೆ 'ಕೋಲ್ಡ್' ಎನ್ನುವ ಗುಂಡಿ ನಲವತ್ತರ ಗುಂಡಿಗಿಂತ ಬಿಸಿ. ಆ ಸೀರೆಯ ನಂತರ ನಾನು ಗುಂಡಿಯನ್ನು ನಂಬದೆ, ನೀರನ್ನೇ ಅಳೆದು ಒಗೆದು ನೋಡಲು ಶುರುಮಾಡಿದೆ. ಮೇ ತಿಂಗಳ ಬೆಳಿಗ್ಗೆ ಆರಕ್ಕೆ ಅದೇ ಟ್ಯಾಂಕಿನಲ್ಲಿ 31. ಡಿಸೆಂಬರಿನ ಬೆಳಿಗ್ಗೆ ಆರಕ್ಕೆ 21. ಒಂದೇ ಗುಂಡಿ, ಒಂದೇ ಮನೆ, 23 ಡಿಗ್ರಿ ವ್ಯತ್ಯಾಸ.

ನಮ್ಮ ಮನೆಯವರ ಹಳೆಯ ಬಿಳಿ ಪಂಚೆಯನ್ನು ಕರವಸ್ತ್ರದ ಅಳತೆಗೆ ಹರಿದು ತುಂಡು ಮಾಡಿದೆ. ಒಂದಕ್ಕೆ ವಗ್ಗಾಣಿ-ಮಿರ್ಚಿ ತಿಂದ ಕೈ ಒರೆಸಿದ ಎಣ್ಣೆ, ಒಂದಕ್ಕೆ ತುಪ್ಪ, ಒಂದಕ್ಕೆ ಅರಿಸಿನ ಹಾಕಿದ ಬೇಳೆಸಾರು, ಇನ್ನೊಂದಕ್ಕೆ ಅದಿರಿನ ಧೂಳು. ಮನೆಯವರು ಸಂಡೂರು ಕಡೆ ಅದಿರು ಲೋಡಿಂಗ್ ಕೆಲಸದಲ್ಲಿದ್ದಾರೆ, ಹಾಗಾಗಿ ಧೂಳು ಹುಡುಕಲು ಎಲ್ಲೂ ಹೋಗಬೇಕಾಗಲಿಲ್ಲ, ಅವರ ಪ್ಯಾಂಟಿನ ಜೇಬು ಕೊಡವಿದರೆ ಸಾಕು. ಸಾಬೂನಿನ ಪುಡಿ ಒಂದೇ, ಅಳತೆ ಒಂದೇ. ನೀರು ಮಾತ್ರ ಮೂರು ಥರ: ತಣ್ಣೀರು, 40, 60. ಡಿಸೆಂಬರಿನಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ.

ಎಣ್ಣೆ ಮತ್ತು ತುಪ್ಪದ ವಿಷಯದಲ್ಲಿ ಬಿಸಿ ಗೆದ್ದಿತು. ಡಿಸೆಂಬರಿನ 21 ಡಿಗ್ರಿಯಲ್ಲಿ ಒಗೆದ ತುಪ್ಪದ ತುಂಡು ಒಣಗಿದ ಮೇಲೂ ಬೆಳಕಿಗೆ ಹಿಡಿದರೆ ಕಲೆ ಪಾರದರ್ಶಕವಾಗಿ ಕಾಣುತ್ತಿತ್ತು, ಮೂಗಿಗೆ ಹಿಡಿದರೆ ವಾಸನೆಯೂ ಇತ್ತು. ಅದೇ ದಿನ 40ರಲ್ಲಿ ಒಗೆದದ್ದು ಸ್ವಚ್ಛ. 60ರದ್ದೂ ಸ್ವಚ್ಛ, ಆದರೆ 40ಕ್ಕೂ 60ಕ್ಕೂ ನನ್ನ ಕಣ್ಣಿಗೆ ಫರಕು ಕಾಣಲಿಲ್ಲ. ಕಾರಣ ದೊಡ್ಡದೇನಲ್ಲ: ತುಪ್ಪ ಕರಗುವುದು 35ರ ಆಸುಪಾಸಿನಲ್ಲಿ. ಕರಗಿದ ಜಿಡ್ಡನ್ನು ಸಾಬೂನು ಹಿಡಿದೆತ್ತುತ್ತದೆ, ಗಟ್ಟಿಯಾಗಿ ಎಳೆಗೆ ಅಂಟಿಕೊಂಡದ್ದನ್ನು ಎತ್ತುವುದು ಕಷ್ಟ. ಮೇಲಾಗಿ ಈಗಿನ ಹಲವು ಪುಡಿಗಳಲ್ಲಿ ಕಲೆ ಒಡೆಯುವ ಎಂಜೈಮ್‌ಗಳಿರುತ್ತವೆ. ಅವು ಚುರುಕಾಗಿ ಕೆಲಸ ಮಾಡುವುದು ಉಗುರುಬೆಚ್ಚಗಿನಿಂದ 50ರ ತನಕ. ಅದಕ್ಕಿಂತ ಬಹಳ ಕಾದರೆ ಅವೇ ಕೆಡುತ್ತವೆ. ದುಡ್ಡು ಕೊಟ್ಟು ಒಳ್ಳೆಯ ಪುಡಿ ತಂದು ಕುದಿನೀರಿಗೆ ಸುರಿದರೆ ಆ ದುಡ್ಡು ಮೋರಿಗೆ ಹೋದಂತೆ.

ಡಿಸೆಂಬರಿನ ತಣ್ಣೀರಿನಲ್ಲಿ ಇನ್ನೊಂದು ತೊಂದರೆ ಕಂಡಿತು. ಪುಡಿ ಪೂರ್ತಿ ಕರಗದೆ ಮಗನ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೆರೆ ಬಿದ್ದಿತ್ತು. ಪುಡಿಯನ್ನು ಮೊದಲೇ ಒಂದು ಚೊಂಬು ಬಿಸಿನೀರಿನಲ್ಲಿ ಕಲಸಿ ಹಾಕಿದ ಮೇಲೆ ಅದು ನಿಂತಿತು.

ಈಗ ಅದಿರಿನ ಧೂಳು. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಹೆಣ್ಣುಮಕ್ಕಳಿಗೆ ಇದರ ಬಗ್ಗೆ ಹೇಳಬೇಕಿಲ್ಲ. ನನ್ನ ಅತ್ತೆಯ ನಂಬಿಕೆ, ಕೆಂಧೂಳಿಗೆ ಬಿಸಿನೀರೇ ಮದ್ದು. ಅವರ ತವರೂರಲ್ಲಿ ಮಡಿವಾಳರು ಅರಿವಿಗೆ ಸವಳು ಮಣ್ಣು ಹಚ್ಚಿ ಉಬ್ಬೆ ಹಾಕುತ್ತಿದ್ದುದನ್ನು, ಅಂದರೆ ಹಬೆಯಲ್ಲಿ ಬೇಯಿಸುತ್ತಿದ್ದುದನ್ನು, ನೋಡಿ ಬೆಳೆದವರು. "ಉಬ್ಬಿ ಹಾಕಿದ್ರ ಎಂಥಾ ಕೊಳಿನೂ ಬಿಡ್ತೈತಿ" ಅನ್ನುತ್ತಾರೆ. ನಾನೂ ವರ್ಷಗಟ್ಟಲೆ ಮನೆಯವರ ಅಂಗಿಯನ್ನು ಬಿಸಿನೀರಿನಲ್ಲೇ ನೆನೆಸಿಟ್ಟೆ. ಆದರೆ ಪಂಚೆಯ ತುಂಡುಗಳು ಬೇರೆಯೇ ಹೇಳಿದವು. 21ರಲ್ಲಿ, 40ರಲ್ಲಿ, 60ರಲ್ಲಿ ಒಗೆದ ಮೂರೂ ಸಮನಾಗಿ ಕೆಂಪು. ನಮ್ಮ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದು ಜಿಡ್ಡಲ್ಲ, ಕರಗುವುದಿಲ್ಲ, ನೀರು ಎಷ್ಟು ಕಾದರೂ ಅದು ಕಲ್ಲಿನ ಪುಡಿಯೇ.

ಹಾಗಾಗಿ ನಾಲ್ಕನೆಯ ತುಂಡು ತೆಗೆದುಕೊಂಡೆ. ಒದ್ದೆ ಮಾಡದೆ ಹಿತ್ತಲಿನ ಗೋಡೆಗೆ ಹತ್ತಿಪ್ಪತ್ತು ಸಲ ಬಡಿದೆ. ಧೂಳು ಮೋಡದಂತೆ ಎದ್ದಿತು, ಮೂಗಿಗೆ ಸೆರಗು ಕಟ್ಟಿಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ. ಆಮೇಲೆ ಸಾಬೂನಿಲ್ಲದ ಬರೀ ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿ ಎತ್ತಿದೆ. ಮೊದಲನೇ ನೀರು ಇಟ್ಟಿಗೆ ಬಣ್ಣ, ಎರಡನೆಯದು ಚಹಾದ ಬಣ್ಣ, ನಾಲ್ಕನೆಯದಕ್ಕೆ ಬಕೆಟ್ಟಿನ ತಳ ಕಂಡಿತು. ಆಮೇಲೆ 40ರಲ್ಲಿ ಒಗೆದರೆ ತುಂಡು ತಿಳಿ ಕೆನೆಬಣ್ಣಕ್ಕೆ ಬಂತು. ಪೂರ್ತಿ ಬಿಳಿ ಆಗಲಿಲ್ಲ, ಆದರೆ ಉಳಿದ ಮೂರರ ಪಕ್ಕ ಇಟ್ಟಾಗ ಅತ್ತೆಯೇ "ಇದರ ಮ್ಯಾಲ ಧೂಳು ಕಡಿಮಿ ಹಾಕಿದ್ದೆ ಏನವ್ವಾ" ಅಂತ ಕೇಳಿದರು. ಕಡಿಮೆ ಹಾಕಿರಲಿಲ್ಲ. ಇಷ್ಟು ದಿನ ನಾನು ಮಾಡುತ್ತಿದ್ದ ತಪ್ಪು ಇದೇ: ಒಣ ಧೂಳನ್ನು ಕೊಡವದೆ ನೆನೆಸಿ, ಮಷೀನಿನಲ್ಲಿ ತಿರುವಿ, ಎಳೆಯ ಒಳಕ್ಕೆ ತಳ್ಳುತ್ತಿದ್ದೆ. ಬ್ಲೀಚಿನಿಂದಲೂ ಈ ಕೆಂಪು ಹೋಗುವುದಿಲ್ಲ, ಬಟ್ಟೆ ಸವೆಯುತ್ತದೆ ಅಷ್ಟೇ.

ಅರಿಸಿನಕ್ಕೂ ನೀರಿನ ಬಿಸಿಗೂ ಸಂಬಂಧ ಕಡಿಮೆ. ಸಾಬೂನು ತಾಗಿದ ಕೂಡಲೇ ಕಲೆ ಕೆಂಪಾಯಿತು. ಅರಿಸಿನದ ಬಣ್ಣ ಕ್ಷಾರಕ್ಕೆ ಹಾಗೇ ತಿರುಗುತ್ತದೆ, ಗಾಬರಿ ಬೀಳಬೇಕಿಲ್ಲ, ಜಾಲಾಡಿದರೆ ಮತ್ತೆ ಹಳದಿ. 60ರದ್ದರ ಕಲೆ ತುಸು ತಿಳಿಯಾಗಿತ್ತು. ಆದರೆ ತಣ್ಣೀರಿನ ತುಂಡನ್ನು ಎರಡು ದಿನ ಮಾಳಿಗೆಯ ಬಿಸಿಲಿಗೆ ಹಾಕಿದ್ದೇ 60ರದ್ದಕ್ಕಿಂತ ಬೆಳ್ಳಗಾಯಿತು. ಅರಿಸಿನಕ್ಕೆ ಕರೆಂಟು ಸುಡಬೇಡಿ, ಬಿಸಿಲಿದೆ.

ರಕ್ತಕ್ಕೆ ಮಾತ್ರ ತಣ್ಣೀರೇ, ಅದೂ ನಿಜವಾದ ತಣ್ಣೀರು. ಬಿಸಿ ತಾಗಿದರೆ ಅದರ ಪ್ರೋಟೀನು ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ಎಳೆಗೆ ಕೂರುತ್ತದೆ. ಮಗ ಮೊಣಕಾಲು ಕೆತ್ತಿಸಿಕೊಂಡು ಬಂದಾಗ, ಬೇಸಿಗೆಯಲ್ಲಿ ತಿಂಗಳ ಬಟ್ಟೆ ಒಗೆಯುವಾಗ, ಟ್ಯಾಂಕಿನ ನೀರು ಬೇಡ. ನಾನು ಕುಡಿಯುವ ಮಣ್ಣಿನ ಗಡಿಗೆಯಿಂದ ಎರಡು ಚೊಂಬು ತೆಗೆದು, ಚೂರು ಉಪ್ಪು ಹಾಕಿ ನೆನೆಸುತ್ತೇನೆ. ಹಾಲು, ಮೊಟ್ಟೆಯ ಕಲೆಗೂ ಹೀಗೆಯೇ. ಜೀನ್ಸೂ ತಣ್ಣೀರಿನ ಬಟ್ಟೆಯೇ. ನಮ್ಮ ಓಣಿಯಲ್ಲಿ ಅರ್ಧ ಮನೆಗಳು ಜೀನ್ಸ್ ಹೊಲಿಗೆಯಿಂದಲೇ ಬದುಕುವುದರಿಂದ ಇದು ಎಲ್ಲರಿಗೂ ಗೊತ್ತು: ಆ ನೀಲಿ ಎಳೆಯ ಮೇಲ್ಮೈಯಲ್ಲಷ್ಟೇ ಕೂತಿರುತ್ತದೆ, ಒಳಗುಹೊರಗು ಮಾಡಿ ತಣ್ಣೀರಿನಲ್ಲಿ ಒಗೆದಷ್ಟು ದಿನ ಬಣ್ಣ ಉಳಿಯುತ್ತದೆ.

60 ಹಾಗಾದರೆ ಯಾವುದಕ್ಕೆ? ಹಾಸಿಗೆ, ದಿಂಬಿನ ಚೀಲ, ಟವೆಲ್ಲು, ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಆದಾಗಿನ ಬಟ್ಟೆ. ಧೂಳಿನ ಅಲರ್ಜಿಗೆ ಕಾರಣವಾಗುವ ಹಾಸಿಗೆಯ ಸೂಕ್ಷ್ಮ ಹುಳಗಳು 60ರಲ್ಲಿ ಸಾಯುತ್ತವೆ, ತಣ್ಣೀರಿನಲ್ಲಿ ಬಹಳಷ್ಟು ಬದುಕುತ್ತವೆ. ಕಜ್ಜಿಯ ಹುಳಕ್ಕೆ 50 ಡಿಗ್ರಿ, ಹತ್ತು ನಿಮಿಷ ಸಾಕು. ಮಗನ ಸೀನು ಜಾಸ್ತಿಯಾದಾಗಿನಿಂದ ಹದಿನೈದು ದಿನಕ್ಕೊಮ್ಮೆ ಅವನ ಹಾಸಿಗೆ ಬಟ್ಟೆ 60ಕ್ಕೆ ಹೋಗುತ್ತದೆ. ಇದರಲ್ಲಿ ನಾನು ಉಳಿತಾಯ ನೋಡುವುದಿಲ್ಲ.

ಆದರೆ 60ರ ಖರ್ಚು ಕರೆಂಟಿನದ್ದೊಂದೇ ಅಲ್ಲ. ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರು ನಮ್ಮ ಓಣಿಗೆ ದಿನಾ ಬರುವುದಿಲ್ಲ, ನಡುವಿನ ದಿನಗಳಿಗೆ ಬೋರ್ ನೀರೇ ಗತಿ. ಬೋರ್ ನೀರು ಗಡಸು. ಕಾದಷ್ಟೂ ಅದರೊಳಗಿನ ಸುಣ್ಣ ಬಿಟ್ಟುಕೊಂಡು ಹೀಟರಿನ ಮೇಲೆ ಕಟ್ಟುತ್ತದೆ, ನೀರು ಕಾಸುವ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕೂರುವ ಹಾಗೆ. ಬೋರ್ ನೀರಿನಲ್ಲಿ 60ಕ್ಕೆ ಒಗೆದ ಟವೆಲ್ ಒಣಗಿದ ಮೇಲೆ ಹಪ್ಪಳದಂತೆ ನಿಂತಿತ್ತು. ಆದ್ದರಿಂದ ನಲ್ಲಿ ನೀರು ಬಂದ ದಿನವೇ ನಮ್ಮ ಮನೆಯಲ್ಲಿ 60ರ ದಿನ.

ಕರೆಂಟಿನ ಲೆಕ್ಕ ಯಾರು ಬೇಕಾದರೂ ಹಾಕಬಹುದು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಬೇಕು, ಒಂದು ಯೂನಿಟ್ ಅಂದರೆ 3600 ಕಿಲೋಜೂಲ್. ಮಷೀನು ಒಗೆಯಲು 15 ಲೀಟರ್ ತೆಗೆದುಕೊಂಡರೆ, ಡಿಸೆಂಬರಿನಲ್ಲಿ 21ರಿಂದ 60ಕ್ಕೆ ಏರಿಸಲು ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ, 40ಕ್ಕೆ ಅದರ ಅರ್ಧ. ಮೇ ತಿಂಗಳ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಟ್ಯಾಂಕಿನ ನೀರು 38. ಅಲ್ಲಿಂದ 40ಕ್ಕೆ ಏರಿಸುವುದು ಲೆಕ್ಕಕ್ಕೇ ಬಾರದಷ್ಟು. ಆ ಹೊತ್ತಿನಲ್ಲಿ 'ಕೋಲ್ಡ್' ಇಟ್ಟು ಒಗೆದ ತುಪ್ಪದ ತುಂಡಿಗೂ ಹೀಟರ್ ಹಚ್ಚಿ 40ರಲ್ಲಿ ಒಗೆದದ್ದಕ್ಕೂ ಫರಕು ಅತ್ತೆಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತುಮಾಡಿದ ಯೂನಿಟ್ಟಿನ ಅಂಚಿನಲ್ಲಿ ತಿಂಗಳು ದೂಡುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಬೇಸಿಗೆಯಲ್ಲಿ ನಾನು ಗುಂಡಿ ಬದಲಿಸುವುದಿಲ್ಲ, ಹೊತ್ತು ಬದಲಿಸುತ್ತೇನೆ. ಇಳಕಲ್ ಸೀರೆ, ಜೀನ್ಸ್, ಬಣ್ಣ ಬಿಡುವ ಹೊಸ ಅರಿವಿ ಬೆಳಿಗ್ಗೆ ಆರಕ್ಕೆ. ಸೀರೆಗೆ ಮಷೀನೂ ಇಲ್ಲ, ಬಕೆಟ್ಟೇ. ದಿನದ ಬಟ್ಟೆ, ಅಡುಗೆಮನೆಯ ಬಟ್ಟೆ, ಕಾಲರ್ ಕೊಳೆಯಾದ ಅಂಗಿ ಹನ್ನೊಂದಕ್ಕೆ. ನವೆಂಬರ್ ದಾಟಿದ ಮೇಲೆ ಅವೇ ಬಟ್ಟೆಗೆ ಹೀಟರ್ 40. ಥರ್ಮಾಮೀಟರ್ ಹುಡುಕುವುದನ್ನು ಈಗ ಬಿಟ್ಟಿದ್ದೇನೆ. ಅಡುಗೆಮನೆಯ ಕಪಾಟಿನಲ್ಲಿರುವ ತುಪ್ಪದ ಡಬ್ಬಿ ಅಲುಗಿಸಿ ನೋಡುತ್ತೇನೆ. ಒಳಗೆ ತುಳುಕಿದರೆ ಟ್ಯಾಂಕಿನ ನೀರು ಸಾಕು, ಗಟ್ಟಿಯಾಗಿ ಕೂತಿದ್ದರೆ ಹೀಟರ್ ಹಚ್ಚುತ್ತೇನೆ.