ಮೊಬೈಲ್ ಡೇಟಾ ನಂಬಿಕೊಂಡು ರ್‍ಯಾಂಕ್ಡ್ ಗೇಮ್ ಆಡುವ ಮುನ್ನ ಇದನ್ನೊಮ್ಮೆ ಓದಿ

ಮನೆಯ ಫೈಬರ್ ಕನೆಕ್ಷನ್ ತೆಗೆಸಿ, ಸಿಮ್ ಹಾಕುವ ರೂಟರ್‌ನಲ್ಲೇ ಗೇಮ್ ಆಡಿಕೊಂಡಿರೋಣ ಎಂದು ಯೋಚಿಸುತ್ತಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಸಿಮ್ ರೂಟರಿನ ಕನೆಕ್ಷನ್ ಕೊಡಲು ಬಂದವರು ನನ್ನೆದುರಿಗೇ ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದ್ದರು. ನೂರು ಎಂಬಿಪಿಎಸ್ ದಾಟಿತ್ತು. "ಇಷ್ಟು ಸ್ಪೀಡ್ ಇದ್ರೆ ಗೇಮ್‌ಗೆ ಇನ್ನೇನ್ ಬೇಕು ಸಾರ್?" ಅಂದರು. ಸ್ಪೀಡಿನ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ಸಿನಿಮಾ ಒಂದು ಕಡೆಯೂ ನಿಲ್ಲದೆ ಓಡುತ್ತಿತ್ತು, ವಿಡಿಯೋ ಕಾಲ್ ಚೆನ್ನಾಗಿತ್ತು. ಸಂಜೆ ಗೆಳೆಯರ ಜೊತೆ ಶೂಟರ್ ಗೇಮ್‌ಗೆ ಕೂತಾಗ ಮಾತ್ರ ಪಿಂಗ್ (ನಮ್ಮ ಸಂದೇಶ ಗೇಮ್ ನಡೆಸುವ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) 45 ಮಿಲಿಸೆಕೆಂಡಿನಲ್ಲಿ ಇದ್ದದ್ದು ಇದ್ದಕ್ಕಿದ್ದಂತೆ 300ಕ್ಕೆ ಹಾರುವುದು, ಮತ್ತೆ ಇಳಿಯುವುದು. ಗುರಿಯಿಟ್ಟ ಎದುರಾಳಿ ಅಲ್ಲಿಂದ ಮಾಯವಾಗಿ ಪಕ್ಕದಲ್ಲಿ ಪ್ರತ್ಯಕ್ಷನಾಗಿರುತ್ತಿದ್ದ, ಅಷ್ಟರಲ್ಲಿ ನಾನು ಸತ್ತಿರುತ್ತಿದ್ದೆ.

ಗೇಮ್‌ಗೆ ಸ್ಪೀಡ್ ಬೇಕಾಗಿರುವುದೇ ತೀರಾ ಕಡಿಮೆ. ಇಂಥ ಹೆಚ್ಚಿನ ಆಟಗಳು ಗಂಟೆಗೆ ನೂರು ಎಂಬಿ ಆಸುಪಾಸಿನ ಡೇಟಾದಲ್ಲೇ ಮುಗಿಯುತ್ತವೆ. ಅವಕ್ಕೆ ಬೇಕಾದದ್ದು ಪ್ರತಿ ಪ್ಯಾಕೆಟ್ಟೂ (ಡೇಟಾದ ಸಣ್ಣ ತುಣುಕು) ಹೊತ್ತಿಗೆ ಸರಿಯಾಗಿ ಬಂದು ಸೇರುವುದು. ಸರ್ವರ್ ಸೆಕೆಂಡಿಗೆ 64 ಸಲ ಆಟದ ಸ್ಥಿತಿಯನ್ನು ಕಳಿಸುತ್ತಿದ್ದರೆ, ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸುಮಾರು 16 ಮಿಲಿಸೆಕೆಂಡ್. ನಡುವೆ 300 ಮಿಲಿಸೆಕೆಂಡ್ ಏನೂ ಬರದೆ ಹೋದರೆ ಹದಿನೆಂಟು ಹತ್ತೊಂಬತ್ತು ಸಲದ ಸುದ್ದಿ ನಿಮಗೆ ತಲುಪಿಲ್ಲ ಅಂತ ಅರ್ಥ. ವಿಡಿಯೋ ಆದರೆ ಮುಂದಿನ ಭಾಗವನ್ನು ಮೊದಲೇ ತುಂಬಿಸಿಟ್ಟುಕೊಳ್ಳುತ್ತದೆ, ನಡುವೆ ಎರಡು ಸೆಕೆಂಡ್ ನೆಟ್ ಹೋದರೂ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಎದುರಾಳಿ ಇನ್ನೂ ಇಡದ ಹೆಜ್ಜೆಯನ್ನು ಗೇಮ್ ಎಲ್ಲಿಂದ ತುಂಬಿಸಿಡಬೇಕು?

ಟವರ್ ನಮ್ಮೊಬ್ಬರದಲ್ಲ. ಒಂದೇ ಟವರ್‌ಗೆ ಅಂಟಿಕೊಂಡಿರುವ ಎಲ್ಲರಿಗೂ ಸರದಿಯ ಮೇಲೆ ಹಂಚಬೇಕು. ಕಳಿಸುವುದಕ್ಕೂ ನಮ್ಮ ಸಾಧನ ಮೊದಲು ಟವರ್‌ನ ಅನುಮತಿ ಕೇಳಬೇಕು. ಗಾಳಿಯಲ್ಲಿ ಪ್ಯಾಕೆಟ್ ಕೆಟ್ಟರೆ ಮತ್ತೆ ಕಳಿಸಬೇಕು. 4ಜಿಯಲ್ಲಿ ಅದಕ್ಕೆ ಪ್ರತಿ ಸಲವೂ ಸುಮಾರು 8 ಮಿಲಿಸೆಕೆಂಡ್ ಹೆಚ್ಚುವರಿ. ಎಲ್ಲರೂ ಕೆಲಸ ಮುಗಿಸಿ ಫೋನ್ ಹಿಡಿಯುವ ಸಂಜೆಯೇ ನಾವು ಆಡುವ ಹೊತ್ತು ಕೂಡ. ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಲ್ಯಾಗ್ (ಆಟ ತಡವಾಗಿ, ತಡೆತಡೆದು ಸಾಗುವುದು) ಆಗುವುದು ಇದಕ್ಕೇ. ಆ ಕಡ್ಡಿಗಳು ತೋರಿಸುವುದು ಸಿಗ್ನಲ್ಲಿನ ಬಲವನ್ನು, ಟವರ್ ಮೇಲಿನ ಜನಸಂದಣಿಯನ್ನಲ್ಲ.

ನನಗೆ ಹೆಚ್ಚು ನೋವು ಕೊಟ್ಟದ್ದು ಲ್ಯಾಗ್ ಅಲ್ಲ, ಅದರ ಮುಂದಿನದು. ಗೆಲುವು ಸೋಲಿಗೆ ತಕ್ಕಂತೆ ನಮ್ಮ ದರ್ಜೆ ಏರಿಳಿಯುವ ರ್‍ಯಾಂಕ್ಡ್ ಮ್ಯಾಚ್‌ನ ನಡುವೆ ನೆಟ್ ಕಡಿದುಹೋದರೆ ಗೇಮ್ ಅದನ್ನು ನಾವೇ ಬಿಟ್ಟು ಹೋದಂತೆ ಲೆಕ್ಕ ಹಾಕುತ್ತದೆ. ಮೊದಲು ಸ್ವಲ್ಪ ಹೊತ್ತು ಆಡದಂತೆ ತಡೆ, ಮತ್ತೆ ಮತ್ತೆ ಆದರೆ ದಿನಗಟ್ಟಲೆ. ಬೇಕಂತ ಹೋದವರು ಯಾರು, ನೆಟ್ ಕಡಿದವರು ಯಾರು ಅಂತ ಬೇರೆ ಮಾಡಿ ನೋಡುವುದಿಲ್ಲ ಎಂದು ನನ್ನ ದೂರಿಗೆ ಉತ್ತರ ಬಂತು. ಐವರ ತಂಡದಲ್ಲಿ ಒಬ್ಬ ಹೋದರೆ ಉಳಿದ ನಾಲ್ವರು ಸೋಲನ್ನು ಹೊರಬೇಕು. ಜೊತೆಗಿದ್ದ ಗೆಳೆಯರು ಬೈಯಲಿಲ್ಲ, ಆದರೆ ರ್‍ಯಾಂಕ್ಡ್‌ಗೆ ಕರೆಯುವುದನ್ನು ಬಿಟ್ಟರು. ಅವರದು ತಪ್ಪು ಅಂತ ಹೇಳಲಾರೆ.

ಇನ್ನೊಂದು, ಯಾರೂ ಮೊದಲೇ ಹೇಳದ ವಿಷಯ. ನಿಮ್ಮ ಕಂಪ್ಯೂಟರಿನಲ್ಲೇ ಸರ್ವರ್ ನಡೆಸಿ ಗೆಳೆಯರನ್ನು ಕರೆಯುವ ರೂಢಿಯಿದ್ದರೆ ಮೊಬೈಲ್ ನೆಟ್‌ನಲ್ಲಿ ಸಾಮಾನ್ಯವಾಗಿ ಅದು ಆಗುವುದಿಲ್ಲ. ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್ಟಿನಲ್ಲಿ ಹೊರಗಿನವರಿಗೆ ಕಾಣುವ ವಿಳಾಸ) ಕಂಪನಿಗಳು ತುಂಬಾ ಜನರಿಗೆ ಹಂಚಿರುತ್ತವೆ. ರೂಟರ್‌ನ ಪುಟದಲ್ಲಿ ಕಾಣುವ ಐಪಿ 100.64 ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವೂ ಆ ಗುಂಪಿನಲ್ಲಿದ್ದೀರಿ. ಆ ಸಾಲನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಅಲ್ಲಿ ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದದ್ದನ್ನು ನಿಮ್ಮ ಕಂಪ್ಯೂಟರಿಗೆ ದಾಟಿಸು ಅಂತ ರೂಟರಿಗೆ ಹೇಳಿಟ್ಟರೂ) ಹೊರಗಿನವರು ಒಳಗೆ ಬರಲಾರರು. ನಾನು ಇದಕ್ಕಾಗಿ ರಾತ್ರಿಗಳನ್ನೇ ಕಳೆದೆ, ಸಹಾಯವಾಣಿಯಲ್ಲಿ ಒಬ್ಬರೂ ಈ ಮಾತು ಎತ್ತಲಿಲ್ಲ.

ಅಪ್‌ಡೇಟ್‌ಗಳು ಗೇಮ್ ಒಂದಕ್ಕೆ ಹತ್ತಾರು ಜಿಬಿ ಇರುತ್ತವೆ. "ಅನ್‌ಲಿಮಿಟೆಡ್" ಪ್ಲಾನಿನ ಸಣ್ಣಕ್ಷರದಲ್ಲಿ ಮಿತಿ ಎಲ್ಲಿದೆ, ದಾಟಿದ ಮೇಲೆ ಎಷ್ಟಕ್ಕೆ ಇಳಿಸುತ್ತಾರೆ ಅಂತ ಓದಿ.

ಬೇರೆ ದಾರಿಯೇ ಇಲ್ಲದವರಿಗೆ ಒಂದಿಷ್ಟು ಉಪಯೋಗವಾಗಬಹುದಾದದ್ದು ಹೇಳುತ್ತೇನೆ. ಫೋನಿನ ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲ್ ಹಾಕಿ, ವೈಫೈನ ಒಂದು ಹೆಜ್ಜೆಯಾದರೂ ತಪ್ಪುತ್ತದೆ. ಫೋನ್ ಕಾದರೆ ತಾನೇ ನಿಧಾನವಾಗುತ್ತದೆ, ದಿಂಬಿನ ಮೇಲೆ ಇಡಬೇಡಿ. 5ಜಿ ಬಂದು ಹೋಗಿ ಮಾಡುವ ಜಾಗದಲ್ಲಿ 4ಜಿಗೇ ಕಟ್ಟಿಹಾಕಿ ನೋಡಿ. ನನಗೆ ವೇಗ ಕಡಿಮೆಯಾಯಿತು, ಪಿಂಗ್ ಸ್ಥಿರವಾಯಿತು. ಮನೆಯಲ್ಲಿ ಇನ್ನೊಬ್ಬರ ಫೋನ್ ಫೋಟೋಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ನಿಮ್ಮ ಪ್ಯಾಕೆಟ್ಟುಗಳು ಆ ಸಾಲಿನ ಹಿಂದೆ ನಿಲ್ಲುತ್ತವೆ, ಆಡುವ ಹೊತ್ತಿಗೆ ಅದನ್ನು ನಿಲ್ಲಿಸಿ. ಚೆಸ್, ಇಸ್ಪೀಟಿನಂಥ ಸರದಿ ಆಟಗಳಿಗೆ ಮೊಬೈಲ್ ನೆಟ್ ಧಾರಾಳವಾಗಿ ಸಾಕು.

ಹೊಸದಾಗಿ ತೆಗೆದುಕೊಳ್ಳುವವರು ಹಗಲು ಹೊತ್ತಿನ ಸ್ಪೀಡ್ ಟೆಸ್ಟ್ ನೋಡಿ ಒಪ್ಪಬೇಡಿ. ಅದೇ ಕಂಪನಿಯ ಒಂದು ಸಿಮ್ ತಂದು, ನೀವು ದಿನಾ ಆಡುವ ಹೊತ್ತಿನಲ್ಲಿ, ನೀವು ಆಡುವ ಜಾಗದಲ್ಲೇ ಒಂದು ಗಂಟೆ ಪಿಂಗ್ ಟೆಸ್ಟ್ ಓಡಲು ಬಿಡಿ. ಕೊನೆಯಲ್ಲಿ ಸರಾಸರಿ ನೋಡಬೇಡಿ. ಅತಿ ಹೆಚ್ಚು ಎಷ್ಟಕ್ಕೆ ಹೋಯಿತು, ಎಷ್ಟು ಪ್ಯಾಕೆಟ್ ಕಳೆದವು, ಅಷ್ಟು ನೋಡಿ. ವಾರಾಂತ್ಯದಲ್ಲಿ ಇನ್ನೊಮ್ಮೆ ಮಾಡಿ. ಇದೆಲ್ಲ ಮುಗಿಯುವವರೆಗೆ ಹಳೆಯ ಕನೆಕ್ಷನ್ ತೆಗೆಸಬೇಡಿ.