ಹಿಂಜೆವಾಡಿಯ ಎರಡು ದಿನಗಳ ಸ್ಕ್ರಮ್ ತರಬೇತಿ

ಪುಣೆಯ ಹಿಂಜೆವಾಡಿಯಲ್ಲಿ ನಮ್ಮ ತಂಡದ ಒಂಬತ್ತು ಮಂದಿ, ಅವರಲ್ಲಿ ನಾಲ್ವರು ಧಾರವಾಡ, ಬೆಳಗಾವಿ ಕಡೆಯ ಕನ್ನಡಿಗರು, ತಂತ್ರಾಂಶ ತಂಡಗಳು ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ವಿಂಗಡಿಸಿಕೊಂಡು ಮಾಡುವ ಸ್ಕ್ರಮ್ ವಿಧಾನದ ಈ ತರಬೇತಿ ಪಡೆದೆವು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ರೂಪಿಸಿದ, ತಂತ್ರಾಂಶ ತಯಾರಿಕೆಯ ಮೌಲ್ಯಗಳನ್ನು ಸಾರುವ ಅಜೈಲ್ ಪ್ರಣಾಳಿಕೆಯು ಪ್ರಕ್ರಿಯೆ, ಸಾಧನಗಳಿಗಿಂತ ವ್ಯಕ್ತಿಗಳಿಗೂ ಅವರ ಒಡನಾಟಕ್ಕೂ ಹೆಚ್ಚು ಬೆಲೆ ಕೊಡುತ್ತದೆ ಎಂಬುದನ್ನು ತರಬೇತುದಾರರು ನಮ್ಮದೇ ಬಾಕಿ ಕೆಲಸಗಳ ಚೀಟಿಗಳನ್ನು ಗೋಡೆಗೆ ಅಂಟಿಸಿ ಮನದಟ್ಟು ಮಾಡಿಸಿದರು. 15 ನಿಮಿಷದ ದೈನಂದಿನ ಸಭೆ ಇರುವುದು ಮ್ಯಾನೇಜರಿಗೆ ವರದಿ ಒಪ್ಪಿಸುವುದಕ್ಕಲ್ಲ, ಸ್ಪ್ರಿಂಟ್ ಎಂಬ ಆ ಚಿಕ್ಕ ಕೆಲಸದ ಅವಧಿಯ ಗುರಿಯತ್ತ ಆ ದಿನದ ಕೆಲಸವನ್ನು ತಂಡದವರೇ ಹೊಂದಿಸಿಕೊಳ್ಳುವುದಕ್ಕೆ ಎಂದು ತಿಳಿದಾಗ, ಸದಾ ಮೌನವಾಗಿರುತ್ತಿದ್ದ ನಮ್ಮ ಟೆಸ್ಟರ್ ಮೊದಲ ಬಾರಿಗೆ ತಮ್ಮ ಅಡಚಣೆಗಳನ್ನು ಬಿಚ್ಚಿ ಹೇಳಿದರು. ನನ್ನ ಮಟ್ಟಿಗೆ ಶುಲ್ಕ ಅಲ್ಲಿಗೇ ಸಾರ್ಥಕವಾಯಿತು. ಊಟ, ವಸತಿ ಅಚ್ಚುಕಟ್ಟಾಗಿದ್ದವು. ಆದರೆ ಸ್ಪ್ರಿಂಟಿನ ಕೊನೆಯ ರೆಟ್ರೊಸ್ಪೆಕ್ಟಿವ್ ಅಭ್ಯಾಸಕ್ಕೆ ಕೊಟ್ಟ ಅರ್ಧ ಗಂಟೆ ತೀರಾ ಸಾಲದು. ತಂಡ ತನ್ನನ್ನು ತಾನೇ ತಿದ್ದಿಕೊಳ್ಳುವ ಆ ಭಾಗಕ್ಕೆ ಒಂದು ಮಧ್ಯಾಹ್ನವನ್ನೇ ಮೀಸಲಿಡಬೇಕಿತ್ತು.