ಎ.ಎ. ಸಭೆಗಳು: ಕುಡಿತ ಬಿಡಬಯಸುವವರಿಗೂ ಮನೆಯವರಿಗೂ ಒಂದು ಪರಿಚಯ, ಒಂದು ವಿಮರ್ಶೆ

ಕುಡಿತದ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದವರಿಗೆ ನಿಜವಾದ ಕಷ್ಟ ಶುರುವಾಗುವುದು ಸಂಜೆಯ ಹೊತ್ತಿನಲ್ಲಿ, ಅಂದರೆ ಕಾಲು ತಾನಾಗಿಯೇ ಬಾರಿನ ಕಡೆಗೆ ತಿರುಗುತ್ತಿದ್ದ ವೇಳೆಯಲ್ಲಿ. ಆ ಹೊತ್ತಿಗೆ ಹೋಗಿ ಕೂರಲು ಒಂದು ಜಾಗ ಬೇಕೆಂದು ನನ್ನ ಅಣ್ಣನ ಜೊತೆಯಲ್ಲಿ ಬೆಂಗಳೂರಿನ ಕೆಲವು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ ಬಂದಿದ್ದೇನೆ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕೆಂಬುದು ಸಭೆಯ ನಿಯಮ. ಹಾಗಾಗಿ ಯಾರ ಕಥೆಯನ್ನೂ ಇಲ್ಲಿ ಹೇಳುವುದಿಲ್ಲ, ವ್ಯವಸ್ಥೆ ಹೇಗಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಎಲ್ಲರೂ ಎ.ಎ. ಎಂದೇ ಕರೆಯುವ ಈ ಕೂಟ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದಿಂದ ಬಳಲಿದವರ ಭೇಟಿಯಿಂದ ಹುಟ್ಟಿತು. ಕುಡಿತ ಬಿಟ್ಟ ಒಬ್ಬರು ಬಿಡಲು ಒದ್ದಾಡುತ್ತಿರುವ ಇನ್ನೊಬ್ಬರೆದುರು ಕೂತು ತಮ್ಮ ಅನುಭವ ಹೇಳಿಕೊಳ್ಳುವ ಕ್ರಮ ಇಂದಿಗೂ ಹಾಗೆಯೇ ಇದೆ. ಶುಲ್ಕವಿಲ್ಲ, ಸದಸ್ಯತ್ವದ ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದಿದ್ದರೆ ಸಾಕು.

ಸಭೆಯನ್ನು ಹುಡುಕುವುದು ಮಾತ್ರ ಸ್ವಲ್ಪ ತಾಳ್ಮೆ ಬೇಡುವ ಕೆಲಸ. ಸಭೆಗಳು ಸಾಮಾನ್ಯವಾಗಿ ಶಾಲೆಯ ಕೊಠಡಿಯಲ್ಲೋ ಚರ್ಚಿನ ಆವರಣದಲ್ಲೋ ಸಮುದಾಯ ಭವನದಲ್ಲೋ ನಡೆಯುತ್ತವೆ; ಜಾಗ, ಸಮಯ ಬದಲಾಗುವುದೂ ಉಂಟು. ಪಟ್ಟಿಯಲ್ಲಿ ಕಂಡ ವಿಳಾಸವನ್ನು ನಂಬಿ ಹೊರಡುವ ಮೊದಲು ಎ.ಎ. ಸಹಾಯವಾಣಿಗೆ ಕರೆ ಮಾಡಿ, ಸಭೆ ಇದೆಯೇ, ಯಾವ ಭಾಷೆಯಲ್ಲಿ ನಡೆಯುತ್ತದೆ, ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ ಎಂದು ಕೇಳಿಕೊಳ್ಳಬೇಕು. ಕ್ಲೋಸ್ಡ್ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಓಪನ್ ಸಭೆಯಲ್ಲಿ ಮನೆಯವರೂ ಕೂರಬಹುದು. ಭಾಷೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಅಣ್ಣ ಇಂಗ್ಲಿಷ್ ಸಭೆಯಲ್ಲಿ ತಲೆತಗ್ಗಿಸಿ ಕೂತಿದ್ದವನು, ಕನ್ನಡದ ಸಭೆಯಲ್ಲಿ ತನ್ನ ಸರದಿ ಬಂದಾಗ ಯಾರೂ ಒತ್ತಾಯಿಸದೆ ಬಾಯಿಬಿಟ್ಟ. ಹೆಂಡತಿಯ ಒಡವೆ ಅಡವಿಟ್ಟದ್ದನ್ನೂ ಮಕ್ಕಳೆದುರು ತೂರಾಡಿದ್ದನ್ನೂ ಹೇಳಿಕೊಳ್ಳಲು ಮನುಷ್ಯನಿಗೆ ತನ್ನ ಮನೆಮಾತೇ ಬೇಕು. ಕನ್ನಡದ ಸಭೆಗಳು ಇನ್ನೂ ಹೆಚ್ಚಬೇಕು ಎಂಬುದು ನನ್ನ ಮೊದಲ ಬೇಡಿಕೆ.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಕುಡಿತ ಬಿಟ್ಟು ಬದುಕಲು ಎ.ಎ. ಹೇಳುವ ಹನ್ನೆರಡು ಹಂತಗಳ, ಅಂದರೆ ಹನ್ನೆರಡು ಮೆಟ್ಟಿಲುಗಳ, ಗೋಡೆಗೆ ತೂಗುಹಾಕಿದ ಪಟ್ಟಿ, ಮೂಲೆಯಲ್ಲಿ ಚಹಾದ ಫ್ಲಾಸ್ಕ್. ಪ್ರಾರ್ಥನೆಯಿಂದ ಸಭೆ ಆರಂಭವಾಗುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳಿ, ತಾನೊಬ್ಬ ಆಲ್ಕೊಹಾಲಿಕ್ ಎಂದು ಒಪ್ಪಿಕೊಂಡು ಮಾತಾಡುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ವರ್ಷಗಟ್ಟಲೆ ಎಲ್ಲರಿಂದಲೂ ಬುದ್ಧಿಮಾತು ಕೇಳಿ ಬೇಸತ್ತವನಿಗೆ ಇದು ಎಂಥ ಬಿಡುಗಡೆ ಎಂಬುದನ್ನು ಅಣ್ಣನ ಮುಖದಲ್ಲೇ ಕಂಡೆ. ಕಾಣಿಕೆಯ ಚೀಲ ಸುತ್ತು ಬರುತ್ತದೆ, ಹೊಸಬರು ಹಾಕಬೇಕಾಗಿಲ್ಲ. ಜಾಗದ ಬಾಡಿಗೆ, ಚಹಾ, ಪುಸ್ತಕದ ಖರ್ಚೆಲ್ಲ ಸದಸ್ಯರದೇ. ಹೊರಗಿನವರ ದೇಣಿಗೆಯನ್ನು ಎ.ಎ. ಸ್ವೀಕರಿಸುವುದಿಲ್ಲ.

ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಬೆಲೆ ಸಭೆ ಮುಗಿದ ನಂತರದ ಕಾಲು ಗಂಟೆಯಲ್ಲಿದೆ. ಚಹಾ ಲೋಟ ಹಿಡಿದು ನಿಂತ ಹಳಬರೊಬ್ಬರು ಅಣ್ಣನ ಫೋನಿನಲ್ಲಿ ತಮ್ಮ ಸಂಖ್ಯೆಯನ್ನು ತಾವೇ ಸೇರಿಸಿ, ಕುಡಿಯಬೇಕೆನಿಸಿದರೆ ಕುಡಿದ ಮೇಲಲ್ಲ, ಕುಡಿಯುವ ಮೊದಲು ಕರೆ ಮಾಡು ಎಂದರು. ಹೀಗೆ ಕೈಹಿಡಿದು ನಡೆಸುವವರನ್ನು ಸ್ಪಾನ್ಸರ್ ಎನ್ನುತ್ತಾರೆ. ಒಂದು ಗುಂಪು ಒಗ್ಗಲಿಲ್ಲವೆಂದು ಬಿಟ್ಟುಬಿಡದೆ ಇನ್ನೂ ಒಂದೆರಡು ಗುಂಪುಗಳನ್ನು ನೋಡಬೇಕು, ಏಕೆಂದರೆ ಗುಂಪಿನಿಂದ ಗುಂಪಿಗೆ ವಾತಾವರಣ ಬಹಳ ಬೇರೆ.

ಮಿತಿಗಳನ್ನೂ ಹೇಳಲೇಬೇಕು. ಮೆಟ್ಟಿಲುಗಳಲ್ಲಿ ದೇವರ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಅವರವರು ತಿಳಿದುಕೊಂಡ ದೇವರು ಎಂದು ಅವರೇ ಸಡಿಲಿಸಿದ್ದರೂ ನಾಸ್ತಿಕರಿಗೆ ಇರುಸುಮುರುಸಾಗಬಹುದು. ನಾವು ಹೋದ ಕಡೆಗಳಲ್ಲಿ ಗಂಡಸರೇ ಹೆಚ್ಚಿದ್ದರು. ಹೆಂಗಸೊಬ್ಬಳು ಒಂಟಿಯಾಗಿ ಬಂದು ಕೂರುವುದು ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ವೈದ್ಯಕೀಯ ಚಿಕಿತ್ಸೆಯ ಬದಲಿಯಲ್ಲ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಮೊದಲು ನಿಮ್ಹಾನ್ಸ್‌ನಂಥ ಆಸ್ಪತ್ರೆಯ ವೈದ್ಯರನ್ನು ಕಂಡು, ಅವರ ಸಲಹೆಯಂತೆ ನಿಲ್ಲಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಔಷಧಿ ತೆಗೆದುಕೊಳ್ಳುತ್ತಲೇ ಸಭೆಗೆ ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇಂಥ ಸಭೆಗಳಿಗೆ ನಿಯಮಿತವಾಗಿ ಹೋಗುವಂತೆ ಮಾಡುವ ಚಿಕಿತ್ಸೆಯಿಂದ ಪೂರ್ತಿ ಕುಡಿತ ಬಿಟ್ಟುಳಿಯುವವರ ಪ್ರಮಾಣ ಹೆಚ್ಚುತ್ತದೆ ಎಂದು ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2020ರ ಪರಾಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಹೇಳಿದೆ.

ಸಣ್ಣ ಊರುಗಳಲ್ಲಿರುವವರು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳ ಬಗ್ಗೆ ವಿಚಾರಿಸಬಹುದು. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಕುಡಿತ ಬಿಟ್ಟವರು ಒಬ್ಬರನ್ನೊಬ್ಬರು ಆಧರಿಸಿ ನಿಲ್ಲುವ ತತ್ವ ಅಲ್ಲಿಯೂ ಇದೆ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಅತ್ತಿಗೆ ಈಗ ಅಲ್ಲಿಗೆ ಹೋಗುತ್ತಿದ್ದಾರೆ. ಅಣ್ಣ ಸಭೆಗೆ ಹೋಗದ ವಾರಗಳಲ್ಲಿಯೂ ಅವರು ತಪ್ಪಿಸುವುದಿಲ್ಲ.